ಚೀಲದ ಚಹವೂ ಪುಡಿಯ ಚಹವೂ

ಒಂದೇ ಗಿಡದ ಎಲೆಗೆ ನಮ್ಮ ನಾಡಿನಲ್ಲಿ ಎರಡು ಹೆಸರು. ಧಾರವಾಡದ ಕಡೆಯವರಿಗೆ ಅದು ಚಹಾ. ಮೈಸೂರಿನ ಕಡೆಯವರಿಗೆ ಟೀ. ಚೀನದ ಎರಡು ಆಡುನುಡಿಗಳಲ್ಲಿ ಹುಟ್ಟಿದ ಈ ಶಬ್ದಗಳು ಬೇರೆ ಬೇರೆ ದಾರಿ ಹಿಡಿದು ಲೋಕವನ್ನು ಸುತ್ತಿದವು. ನಮ್ಮ ಬಳ್ಳಾರಿಯಂಥ ಗಡಿಸೀಮೆಯಲ್ಲಿ ಎರಡೂ ಸಲ್ಲುತ್ತವೆ. ಹೆಸರಿನ ವಿವಾದ ಹೀಗೆ ಸುಖವಾಗಿ ಮುಗಿದಿರಲು, ರೂಪದ ವಿವಾದವೊಂದು ತಲೆಯೆತ್ತಿದೆ: ಪುಡಿ ಮೇಲೋ, ದಾರ ಕಟ್ಟಿದ ಚೀಲ ಮೇಲೋ?

ಚೀಲದ ಚರಿತ್ರೆ ಬಹಳ ಹಳೆಯದಲ್ಲ. ಅಮೆರಿಕೆಯ ಮಿಲ್ವಾಕಿ ನಗರದ ರಾಬರ್ಟಾ ಲಾಸನ್, ಮೇರಿ ಮೆಕ್‌ಲಾರೆನ್ ಎಂಬ ಇಬ್ಬರು ಮಹಿಳೆಯರು 1901ರಲ್ಲಿ ಅರ್ಜಿ ಸಲ್ಲಿಸಿ 1903ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಟೆಟ್ಲಿ ಸಂಸ್ಥೆ ಬ್ರಿಟನ್ನಿನ ಪೇಟೆಗೆ ಚೀಲವನ್ನು ತಂದುದು 1953ರಲ್ಲಿ. ಬಳ್ಳಾರಿ ಮೈಸೂರು ರಾಜ್ಯವನ್ನು ಸೇರಿದುದೂ ಅದೇ ವರ್ಷ. 2000ದಲ್ಲಿ ಟಾಟಾ ಟೀ ಸಂಸ್ಥೆ ಆ ಟೆಟ್ಲಿಯನ್ನೇ ಕೊಂಡುಕೊಂಡಿತು.

ಕಾರ್ಖಾನೆಯಲ್ಲಿ ಒಣಗಿದ ಎಲೆಯನ್ನು ಜರಡಿ ಹಿಡಿದು ಇಡಿ ಎಲೆ, ನುಚ್ಚು, ಹುಡಿ, ಧೂಳು ಎಂದು ಬೇರ್ಪಡಿಸುತ್ತಾರೆ. ಚೀಲದೊಳಗೆ ಹೋಗುವುದು ಸಾಮಾನ್ಯವಾಗಿ ಕೊನೆಯ ಎರಡು. ಕಣ ಸಣ್ಣದಾದಷ್ಟೂ ಬಣ್ಣವೂ ಒಗರೂ ಬೇಗ ಇಳಿಯುತ್ತವೆ. ಪರಿಮಳವೂ ಬೇಗ ಹಾರುತ್ತದೆ. ಇಡಿ ಎಲೆಗಾದರೋ ಅರಳಲು ಎಡೆಯೂ ಬೇಕು, ಹೊತ್ತೂ ಬೇಕು. ಪಾಶ್ಚಾತ್ಯ ರಸಿಕರು ಚೀಲವನ್ನು ಹಳಿಯುವುದು ಈ ಕಾರಣದಿಂದ.

ಆದರೆ ಅವರ ವಾದವನ್ನು ಹಾಗೆಯೇ ಇಲ್ಲಿಗೆ ಹೊತ್ತು ತರುವಂತಿಲ್ಲ. ಸಿರುಗುಪ್ಪದ ಬಸ್ ನಿಲ್ದಾಣದ ಬಳಿಯಾಗಲಿ, ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯ ಬೀದಿಯಲ್ಲಾಗಲಿ, ಮಿರ್ಚಿ ಮಂಡಕ್ಕಿಯ ಜೊತೆಗೆ ಬರುವ ಚಹವೂ ಇಡಿ ಎಲೆಯದಲ್ಲ. ಅದು ಸಿ.ಟಿ.ಸಿ. ಪುಡಿ, 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಮೊದಲಾದ ಕ್ರಮದಂತೆ, ಹಲ್ಲುಳ್ಳ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ ಹರಿದು ಸುರುಳಿಸಿದ್ದು. ಹಾಗಾದರೆ ಭೇದ ಎಲೆಯಲ್ಲಿಲ್ಲ, ಪಾಕದಲ್ಲಿದೆ. ಚೀಲ ಬಿಸಿನೀರಿನಲ್ಲಿ ಮುಳುಗಿ ಏಳುತ್ತದೆ. ಪುಡಿ ಹಾಲು, ಸಕ್ಕರೆ, ಶುಂಠಿಗಳೊಡನೆ ಕುದಿಯುತ್ತದೆ. ಪುಡಿಯ ಒಗರನ್ನು ಹಾಲಿನ ಸಸಾರಜನಕ ಹಿಡಿದು ಮೆತ್ತಗೆ ಮಾಡುತ್ತದೆ.

ಲೆಕ್ಕವನ್ನೂ ನೋಡೋಣ. ಚೀಲವೊಂದರಲ್ಲಿ ಸುಮಾರು 2 ಗ್ರಾಮ್ ಚಹ. 25 ಚೀಲಗಳ ಪೆಟ್ಟಿಗೆಯಲ್ಲಿ 50 ಗ್ರಾಮ್ ಮಾತ್ರ. ಉಳಿದ ಬೆಲೆ ಕಾಗದ, ದಾರ, ಅನುಕೂಲಗಳದು. ಇನ್ನು ಎಲ್ಲ ಚೀಲವೂ ಕಾಗದದ್ದಲ್ಲ. ಪ್ಲಾಸ್ಟಿಕ್ಕಿನ ಚೀಲವೊಂದು 95 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿಗೆ ಸುಮಾರು 1,160 ಕೋಟಿ ಸೂಕ್ಷ್ಮಕಣಗಳನ್ನು ಬಿಡುತ್ತದೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. ಕೊಳ್ಳುವವರು ಪೆಟ್ಟಿಗೆಯ ಮೇಲಿನ ಬರಹವನ್ನು ಓದಿಕೊಳ್ಳುವುದು ಲೇಸು.

ಇಷ್ಟಾದರೂ ಚೀಲವನ್ನು ತುಚ್ಛೀಕರಿಸಲಾಗದು. ಇರುಳು ಒಬ್ಬರೇ ಕುಳಿತು ಉತ್ತರಪತ್ರಿಕೆ ತಿದ್ದುವವರಿಗೆ, ವಸತಿಗೃಹದ ಕೋಣೆಯ ವಿದ್ಯಾರ್ಥಿಗೆ, ಅದು ಉಪಕಾರಿಯೇ. ಅದರ ಅಳತೆ ಒಬ್ಬನ ಅಳತೆ. ಪುಡಿಯ ಚಹಕ್ಕೆ ಆ ಕಟ್ಟಿಲ್ಲ: ಅನಿರೀಕ್ಷಿತವಾಗಿ ಅತಿಥಿ ಬಂದರೆ ಒಂದು ಲೋಟ ನೀರು, ಒಂದು ಚಿಟಿಕೆ ಪುಡಿ ಹೆಚ್ಚಿದರಾಯಿತು. ಕೈಯಲ್ಲಿ ಕಾಸು ಕಡಿಮೆಯಿರುವ ಇಬ್ಬರು ಗೆಳೆಯರು ಹೋಟೆಲಿನಲ್ಲಿ ‘ಬೈ ಟೂ’ ಎಂದು ಹೇಳಿ ಒಂದು ಚಹವನ್ನು ಎರಡು ಲೋಟಗಳಲ್ಲಿ ಕುಡಿಯುವುದು ನಮ್ಮ ನಾಡಿನ ಬಳಕೆ. ದಾರ ಕಟ್ಟಿದ ಚೀಲ ಮನೆಮನೆಗೆ ಬರಲಿ. ಆದರೆ ಹಂಚಿ ಕುಡಿಯುವ ಈ ಬಳಕೆ ಅದರಿಂದಾಗಿ ತಪ್ಪಿಹೋಗದಿರಲಿ.