ಮರೆಯಾಗುತ್ತಿರುವ ಧ್ವನಿಮುದ್ರಿಕೆಗಳು

ಸಂಗೀತವು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಅಡಗುವ ವಿದ್ಯೆ. ಅದನ್ನು ಹಿಡಿದಿಟ್ಟು ಬೇಕಾದಾಗ ಕೇಳುವ ಉಪಾಯವು ನಮ್ಮ ದೇಶಕ್ಕೆ ಬಂದು ನೂರಿಪ್ಪತ್ತು ವರ್ಷಗಳ ಮೇಲಾಯಿತು. 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳು ಮುದ್ರಿತವಾದವು. ಅಂದಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದಷ್ಟೇ ಹಾಡು ಹಿಡಿಯುತ್ತಿತ್ತು. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ಹೊರದೇಶದ ಕಾರ್ಖಾನೆಯಲ್ಲಿ ತಟ್ಟೆಗೆ ಚೀಟಿ ಅಂಟಿಸುವವರಿಗೆ ಗುರುತು ಸಿಗಲೆಂದು ಈ ಏರ್ಪಾಡು.

ಇಂಥ ತಟ್ಟೆಯೊಂದರ ಋಣವು ನಮ್ಮ ಸೀಮೆಯ ಮೇಲೂ ಇದೆ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮರಿಯನ್ನು ತಟ್ಟೆಯಲ್ಲಿ ಕೇಳಿದರು. ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ ಮನೆ ಬಿಟ್ಟರು. ಉತ್ತರ ಹಿಂದುಸ್ಥಾನವನ್ನು ಅಲೆದು ಬಂದ ಮೇಲೆ ಅವರಿಗೆ ಗುರು ದೊರೆತುದು ಕುಂದಗೋಳದಲ್ಲಿ! ಸವಾಯಿ ಗಂಧರ್ವರು (1886–1952) ಆ ಖಾನ್‌ಸಾಹೇಬರ ಶಿಷ್ಯರೇ. ತಟ್ಟೆಯು ತಾನೇ ಗುರುವಾಗಲಿಲ್ಲ. ಗುರುವನ್ನು ಹುಡುಕಲು ಹಚ್ಚಿತು.

1948ರಲ್ಲಿ ಎಲ್‌ಪಿ ತಟ್ಟೆ, 1963ರಲ್ಲಿ ಕ್ಯಾಸೆಟ್ಟು, 1982ರಲ್ಲಿ ಸಿಡಿ ಜಗತ್ತಿಗೆ ಬಂದವು. ಇವುಗಳಲ್ಲಿ ನಮ್ಮ ಹಳ್ಳಿಗಳಿಗೆ ಹೆಚ್ಚು ಒಗ್ಗಿದ್ದು ಕ್ಯಾಸೆಟ್ಟು. ಬೆಲೆ ಅಗ್ಗ, ಅಲ್ಲದೆ ಬಡವರೂ ತಮ್ಮ ದನಿಯನ್ನು ತಾವೇ ಹಿಡಿದಿಡಬಹುದಾಗಿತ್ತು. ಇಂದು ಇವೆಲ್ಲವುಗಳ ಕೆಲಸವನ್ನು ಮೊಬೈಲೊಂದೇ ಮಾಡುತ್ತಿದೆ. ಅಂಗಡಿಗಳಲ್ಲಿ ಕ್ಯಾಸೆಟ್ಟಿಲ್ಲ, ಸಿಡಿಯೂ ಅಪರೂಪ. ಇದನ್ನು ಬರಿಯ ಹಾನಿಯೆನ್ನಲಾಗದು. ಮೂರು ನಿಮಿಷಕ್ಕೆ ಕತ್ತರಿಸಿದ ರಾಗವನ್ನು ಈಗ ಗಂಟೆಗಟ್ಟಲೆ, ಖರ್ಚಿಲ್ಲದೆ ಕೇಳಬಹುದು. ಆದರೆ ತಟ್ಟೆಯ ಚೀಲದ ಮೇಲೆ ರಾಗದ ಹೆಸರು, ತಬಲಾದವರ ಹೆಸರು, ಪೇಟಿಯವರ ಹೆಸರು ಅಚ್ಚಾಗಿರುತ್ತಿದ್ದವು. ಮೊಬೈಲಿನಿಂದ ಮೊಬೈಲಿಗೆ ಹಾರುವ ಹಾಡಿಗೆ ಎಷ್ಟೋ ಸಲ ಹೆಸರೇ ಇರುವುದಿಲ್ಲ.

ಇದರ ನೋವು ನನಗೆ ತಿಳಿದುದು ಮನೆಯಲ್ಲಿ. ನವಲಗುಂದ ತಾಲ್ಲೂಕಿನ ನಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ಟೊಂದಿದೆ. ಅದರಲ್ಲಿ ನಾನು ಕಾಣದ ನನ್ನ ಅಜ್ಜ ಭಜನಾ ಮೇಳದೊಡನೆ ತತ್ವಪದ ಹಾಡಿದ್ದಾನೆ. ಟೇಪ್ ರೆಕಾರ್ಡರಿನ ಬೆಲ್ಟು ಹರಿದು ವರ್ಷಗಳಾಗಿದ್ದವು. ಹುಬ್ಬಳ್ಳಿಯಲ್ಲಿ ಒಬ್ಬ ಮುದುಕರು ಅದನ್ನು ಸರಿಪಡಿಸಿಕೊಟ್ಟರು. ಪಟ್ಟಿಗೆ ಬೂಷ್ಟು ಹಿಡಿದು ದನಿ ಅಲ್ಲಲ್ಲಿ ಎಳೆಯುತ್ತಿತ್ತು. ಅಪ್ಪ ತಲೆ ತಗ್ಗಿಸಿ ಕೇಳಿದ. "ಇದು ನಮ್ಮಪ್ಪನ ದನಿ. ಪೇಟಿ ಬಾರಿಸಿದಾಂವ ಯಾರೋ, ನೆನಪಾಗವಲ್ದು" ಎಂದ. ಗೌಹರ್ ಜಾನ್ ತಮ್ಮ ಹೆಸರನ್ನು ಹೇಳಿ ಹೋದರು. ನಮ್ಮ ಮೇಳದವರಿಗೆ ಅದು ಹೊಳೆಯಲಿಲ್ಲ. ಊರೇ ತಮ್ಮನ್ನು ಬಲ್ಲದೆಂದು ಅವರು ನಂಬಿದ್ದರು.

ಕಂಪನಿಗಳು ಮಾರಿದ ಹಾಡುಗಳು ಹೇಗೋ ಉಳಿದುಕೊಂಡಾವು. ಹೆಣ್ಣುಮಕ್ಕಳ ಸೋಬಾನೆ, ಡೊಳ್ಳಿನ ಪದ, ಊರ ಭಜನೆ ಇವುಗಳ ಕ್ಯಾಸೆಟ್ಟುಗಳಿಗೆ ಎರಡನೆಯ ಪ್ರತಿಯಿಲ್ಲ. ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೇ: ಈ ರಜೆಯಲ್ಲಿ ಮನೆಯ ಟ್ರಂಕುಗಳನ್ನು ತೆರೆದು ನೋಡಿರಿ. ಸಿಕ್ಕ ಕ್ಯಾಸೆಟ್ಟನ್ನು ಹಿರಿಯರ ಮುಂದೆ ಹಚ್ಚಿ, ಹಾಡಿದವರಾರು, ಬಾರಿಸಿದವರಾರು, ಯಾವ ಊರು, ಯಾವ ವರ್ಷ ಎಂಬುದನ್ನು ಮೊದಲು ಬರೆದಿಡಿರಿ. ಕಂಪ್ಯೂಟರಿಗೆ ಇಳಿಸಿದ ಒಂದು ಪ್ರತಿಯು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿರಲಿ. ದನಿಯನ್ನು ಯಂತ್ರವು ಉಳಿಸಬಲ್ಲುದು. ಹೆಸರನ್ನು ಉಳಿಸುವವರು ನಾವೇ.