ನಡೆದರೆ ನೋವು, ನಿಂತರೆ ನೆಮ್ಮದಿ

ರಾತ್ರಿ ಹೋಟೆಲು ಮುಚ್ಚಿ ಬಿಡಾರಕ್ಕೆ ಹೊರಟವನು ಒಂದೆರಡು ಫರ್ಲಾಂಗು ನಡೆಯುವಷ್ಟರಲ್ಲಿ ಮೀನಖಂಡವನ್ನು ಹಿಂಡಿದಂತಾಗಿ ನಿಲ್ಲುತ್ತಾನೆ. ಕೆಲವು ನಿಮಿಷ ನಿಂತರೆ ನೋವು ಮಾಯ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಹಾಜರು. ದಿನವಿಡೀ ನಿಂತ ಕಾಲು, ವಾಯು ಹಿಡಿದಿದೆಯೆಂದು ಎಣ್ಣೆ ತಿಕ್ಕಿ ಮಲಗುವುದು ನಮ್ಮವರ ರೂಢಿ. ಗಲ್ಲಾದಲ್ಲಿ ಕುಳಿತು ಮಾಣಿಗಳಿಗೆ ನಾವೂ ಅದೇ ಉಪದೇಶವನ್ನು ಮಾಡಿದ್ದುಂಟು. ಅದು ತಪ್ಪು.

ನಿಂತು ನಿಂತು ಬರುವ ನೋವು ಬೇರೆ; ನಡೆದಾಗ ಬಂದು ನಿಂತೊಡನೆ ಇಳಿಯುವ ನೋವು ಬೇರೆ. ಎರಡನೆಯದು ಬಹುಮಟ್ಟಿಗೆ ಕಾಲಿನ ಧಮನಿ ಕಿರಿದಾದುದರ ಸೂಚನೆ. ಒಳಗೋಡೆಗೆ ಕೊಬ್ಬು ಕಟ್ಟಿ ದಾರಿ ಇಕ್ಕಟ್ಟಾದಾಗ, ಕುಳಿತವನಿಗೆ ಸಾಕಾಗುವ ರಕ್ತವು ನಡೆಯುವವನ ಸ್ನಾಯುವಿಗೆ ಸಾಲದು. ಫ್ರಾನ್ಸಿನ ಪಶುವೈದ್ಯ ಬೂಲೆಯು 1831ರಲ್ಲಿ ಇದನ್ನು ಮೊದಲು ಗುರುತಿಸಿದ್ದು ಕುದುರೆಯ ಕಾಲಿನಲ್ಲಿ! ಮನುಷ್ಯರಲ್ಲಿ ಇದನ್ನು ಶಾರ್ಕೋ ವಿವರಿಸಿದ್ದು 1858ರಲ್ಲಿ. ಇಂದು ವೈದ್ಯರು ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ ನೋಡುತ್ತಾರೆ, 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ರೋಗವುಂಟೆಂದು ಅರ್ಥ.

ಮೂಲ ಶತ್ರುಗಳು ಬೀಡಿ-ಸಿಗರೇಟು ಮತ್ತು ಸಿಹಿಮೂತ್ರ ರೋಗ. ದಿನಕ್ಕೆ ಎರಡೇ ಬೀಡಿ ಎಂಬ ಚೌಕಾಶಿ ಇಲ್ಲಿ ನಡೆಯದು, ಪೂರ್ತಿ ಬಿಡಬೇಕು. ಎರಡನೆಯ ಮದ್ದು ಕೇಳಲು ವಿಚಿತ್ರ: ನೋಯುವ ಕಾಲನ್ನೇ ನಡೆಸುವುದು. ನೋವು ಸಾಕಷ್ಟು ಏರುವವರೆಗೆ ನಡೆದು, ನಿಂತು, ಇಳಿದ ಮೇಲೆ ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಮೂರು ತಿಂಗಳು ಬಿಡದೆ ಮಾಡಿದವರಲ್ಲಿ ಅನೇಕರಿಗೆ ನಡೆಯುವ ದೂರ ಹೆಚ್ಚುತ್ತದೆ. ಮೇಜಿನಿಂದ ಮೇಜಿಗೆ ಓಡಾಡಿದ್ದು ಲೆಕ್ಕಕ್ಕಿಲ್ಲ. ಹೃದಯದ ತೊಂದರೆಯಿದ್ದವರು ಮೊದಲು ವೈದ್ಯರನ್ನು ಕೇಳಿಯೇ ಹೊರಡತಕ್ಕದ್ದು. ಕೊಬ್ಬಿಳಿಸುವ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್ ಮೊದಲಾದವನ್ನು ಅವರು ಕೊಟ್ಟರೆ ಕಾಲು ನೋಯದಿದ್ದರೂ ಬಿಡಬಾರದು. ಕಾಲಿನಲ್ಲಿ ಕಟ್ಟಿದ ಕೊಬ್ಬು ಹೃದಯ, ಮಿದುಳುಗಳ ನಾಳಗಳಲ್ಲಿಯೂ ಕಟ್ಟಿರುವ ಸಂಭವ ಹೆಚ್ಚು.

ಇಷ್ಟರಿಂದ ಆಗದಿದ್ದರೆ ನಾಳವನ್ನು ಹಿಗ್ಗಿಸುವ ಉಪಾಯವುಂಟು. 1964ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ, ಬೆರಳು ಕೊಳೆತರೂ ಕಾಲು ಕತ್ತರಿಸಲೊಪ್ಪದ 82 ವರ್ಷದ ವೃದ್ಧೆಯೊಬ್ಬಳ ಧಮನಿಯೊಳಕ್ಕೆ ಡಾ. ಡಾಟರ್ ನಳಿಗೆಗಳನ್ನು ತೂರಿಸಿ ದಾರಿ ಬಿಡಿಸಿದರು. ಆಕೆ ಸಾಯುವವರೆಗೂ ತನ್ನೆರಡು ಕಾಲುಗಳ ಮೇಲೆಯೇ ನಡೆದಳು. 1974ರಲ್ಲಿ ಗ್ರುಂಟ್ಸಿಗ್ ಇದೇ ಕೆಲಸಕ್ಕೆ ಪುಟ್ಟ ಬಲೂನನ್ನು ತಂದರು.

ಮಲಗಿದಾಗಲೂ ಪಾದ ನೋಯುವುದು, ಬೆರಳು ಕಪ್ಪಾಗುವುದು, ಅಡಿಗೆಮನೆಯ ತೇವದಲ್ಲಿ ಆದ ಗಾಯ ಮಾಯದಿರುವುದು — ಇವನ್ನು ಕಂಡೂ ಊರಿಗೆ ಹೋದಾಗ ತೋರಿಸೋಣವೆಂದು ಕೂರಬೇಡಿ. ಇನ್ನು ಕಾಲು ಥಟ್ಟನೆ ತಣ್ಣಗಾಗಿ ಬಿಳಿಚಿಕೊಂಡರೆ ಬೆಳಗಾಗುವುದನ್ನೂ ಕಾಯದೆ ಆಸ್ಪತ್ರೆಗೆ ಹೋಗಬೇಕು; ಕೆಲವೇ ಗಂಟೆಗಳ ತಡಕ್ಕೆ ಕಾಲೇ ಹೋಗುವುದುಂಟು.