ಕ್ರಿಸ್‌ಮಸ್ ರೀತ್

ಕ್ರಿಸ್‌ಮಸ್ ರೀತ್ ಎಂಬುದು ನಿತ್ಯಹರಿದ್ವರ್ಣ ಸಸ್ಯಗಳ ಹಸಿ ಸೊಪ್ಪನ್ನು ವೃತ್ತಾಕಾರದ ಚೌಕಟ್ಟಿಗೆ ಕಟ್ಟಿ ಸಿದ್ಧಪಡಿಸುವ ಹಸಿರು ಮಾಲೆ. ಯುರೋಪ್ ಮತ್ತು ಉತ್ತರ ಅಮೆರಿಕದ ದೇಶಗಳಲ್ಲಿ ಡಿಸೆಂಬರ್ ತಿಂಗಳಲ್ಲಿ ಇದನ್ನು ಮನೆಯ ಮುಂಬಾಗಿಲಿಗೆ ತೂಗುಹಾಕುತ್ತಾರೆ. ನಮ್ಮ ಮಾವಿನ ತೋರಣದಂತೆ ಇದೂ ಬಾಗಿಲಿನ ಅಲಂಕಾರವೇ. ಆದರೆ ತೋರಣವು ಒಂದೆರಡು ದಿನಗಳಲ್ಲಿ ಬಾಡಿದರೂ ಯಾರೂ ಲೆಕ್ಕಿಸುವುದಿಲ್ಲ. ರೀತ್ ಮಾತ್ರ ನಾಲ್ಕೈದು ವಾರ ಹಸಿರಾಗಿಯೇ ಉಳಿಯಬೇಕು. ಮರದಿಂದ ಬೇರ್ಪಟ್ಟ ಸೊಪ್ಪು ತನ್ನಲ್ಲಿರುವ ನೀರನ್ನು ಅಷ್ಟು ಕಾಲ ಕಳೆದುಕೊಳ್ಳದಂತೆ ನೋಡಿಕೊಳ್ಳುವುದೇ ಇದರ ತಯಾರಿಕೆಯ ಮುಖ್ಯ ಸಮಸ್ಯೆ.

ಹಿನ್ನೆಲೆ

ಎಲೆಗಳ ವರ್ತುಲಮಾಲೆ ಕ್ರೈಸ್ತ ಧರ್ಮಕ್ಕಿಂತ ಹಳೆಯದು. ಪ್ರಾಚೀನ ಗ್ರೀಸಿನ ಒಲಿಂಪಿಯಾದಲ್ಲಿ ವಿಜೇತರಿಗೆ ಕಾಡು ಆಲಿವ್ ಎಲೆಗಳ ಕಿರೀಟವನ್ನೂ ಡೆಲ್ಫಿಯ ಕ್ರೀಡಾಕೂಟದಲ್ಲಿ ಲಾರೆಲ್ ಕಿರೀಟವನ್ನೂ ತೊಡಿಸುತ್ತಿದ್ದರು. ಉತ್ತರ ಯುರೋಪಿನ ಚಳಿಗಾಲದಲ್ಲಿ ಬಹುತೇಕ ಮರಗಳು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಫರ್, ಹಾಲಿ, ಐವಿಯಂಥ ಕೆಲವೇ ಸಸ್ಯಗಳಲ್ಲಿ ಹಸಿರು ಉಳಿದಿರುತ್ತದೆ. ಆದಿ ಅಂತ್ಯಗಳಿಲ್ಲದ ವೃತ್ತವನ್ನೂ ಮಾಸದ ಹಸಿರನ್ನೂ ಕ್ರೈಸ್ತರು ಶಾಶ್ವತ ಜೀವನದ ಸಂಕೇತವೆಂದು ವಿವರಿಸುತ್ತಾರೆ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಂದು ಒಂದೊಂದೇ ಮೇಣದಬತ್ತಿಯನ್ನು ಹೊತ್ತಿಸುವ 'ಆಡ್ವೆಂಟ್ ರೀತ್' ಇದರ ಹತ್ತಿರದ ಬಂಧು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಬಡಮಕ್ಕಳಿಗಾಗಿ ಆಶ್ರಯಧಾಮವನ್ನು ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಚೆರ್ನ್ 1839ರಲ್ಲಿ ಮರದ ಚಕ್ರವೊಂದರ ಮೇಲೆ ಮೇಣದಬತ್ತಿಗಳನ್ನಿಟ್ಟು ಇದನ್ನು ಆರಂಭಿಸಿದರು. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳೇ ಎಣಿಸಿಕೊಳ್ಳಲಿ ಎಂಬುದು ಉದ್ದೇಶ. ಗೋಡೆಗೆ ನೇತುಹಾಕಿದ ಯಾವ ಪಂಚಾಂಗಕ್ಕಿಂತಲೂ ಇದು ಮಕ್ಕಳಿಗೆ ಹಿಡಿಸಿದ್ದಿರಬೇಕು. ಚಕ್ರಕ್ಕೆ ಫರ್ ಸೊಪ್ಪು ಸುತ್ತುವ ಪದ್ಧತಿ ಅನಂತರ ಸೇರಿಕೊಂಡಿತು.

ಸೊಪ್ಪಿನ ಆಯ್ಕೆ

ಫರ್, ಪೈನ್ ಮೊದಲಾದ ಶಂಕುಧಾರಿ ಮರಗಳ ಎಲೆಗಳು ಸೂಜಿಯಂತೆ ಕಿರಿದಾಗಿದ್ದು, ಮೇಲೆ ಮೇಣದ ದಪ್ಪ ಲೇಪವನ್ನು ಹೊಂದಿರುತ್ತವೆ. ಆದ್ದರಿಂದ ಕೊಯ್ದ ಮೇಲೂ ನೀರು ನಿಧಾನವಾಗಿ ಆರುತ್ತದೆ. ಆದರೆ ಇವೆಲ್ಲವೂ ಒಂದೇ ಬಗೆಯಲ್ಲ. ಫರ್ ಎಲೆಗಳು ಒಣಗಿದರೂ ಕಡ್ಡಿಗೆ ಅಂಟಿಕೊಂಡಿರುತ್ತವೆ. ಸ್ಪ್ರೂಸ್ ಮತ್ತು ಹೆಮ್ಲಾಕ್ ಎಲೆಗಳು ಬೆಚ್ಚನೆಯ ಕೋಣೆಯಲ್ಲಿ ಕೆಲವೇ ದಿನಗಳಲ್ಲಿ ಉದುರಿ ನೆಲದ ತುಂಬ ಹರಡುತ್ತವೆ. ಸೊಪ್ಪನ್ನು ಕೊಯ್ಯುವ ಕಾಲವೂ ಮುಖ್ಯ. ಅಮೆರಿಕದ ಮೇನ್ ರಾಜ್ಯದಲ್ಲಿ ಬಾಲ್ಸಮ್ ಫರ್ ಮರದ ಕೊಂಬೆಯ ತುದಿಗಳನ್ನು ಮುರಿದು ತರುವವರು, ಶರತ್ಕಾಲದಲ್ಲಿ ಕೆಲವು ರಾತ್ರಿ ಗಟ್ಟಿ ಹಿಮ ಬೀಳುವವರೆಗೆ ಕಾಯುತ್ತಾರೆ. ಚಳಿಗೆ ಮರವು ಹದಗೊಂಡ ಮೇಲೆ ಕೊಯ್ದ ಸೊಪ್ಪಿನಲ್ಲಿ ಎಲೆಗಳು ಬಹುಕಾಲ ನಿಲ್ಲುತ್ತವೆ. ಆತುರಪಟ್ಟು ಮೊದಲೇ ಕೊಯ್ದರೆ ಮುಂದೆ ಎಷ್ಟು ನೀರು ಚಿಮುಕಿಸಿದರೂ ಫಲವಿಲ್ಲ.

ಬ್ರಿಟನ್ನಿನಲ್ಲಿ ಫರ್ ಜೊತೆಗೆ ಮುಳ್ಳಂಚಿನ ಎಲೆಗಳ ಹಾಲಿಯನ್ನು ಬಳಸುವುದು ರೂಢಿ. ಹಾಲಿಯಲ್ಲಿ ಗಂಡು ಹೆಣ್ಣು ಮರಗಳು ಬೇರೆಬೇರೆ. ಕೆಂಪು ಹಣ್ಣು ಬಿಡುವುದು ಹೆಣ್ಣು ಮರ ಮಾತ್ರ.

ಚೌಕಟ್ಟು

ಅಂಗಡಿಯಲ್ಲಿ ದೊರೆಯುವ ತಂತಿಯ ಬಳೆಯನ್ನು ಬಳಸಬಹುದು. ವಿಲೋ ಮರದ ಬಳುಕುವ ಕಡ್ಡಿಗಳನ್ನೋ ದ್ರಾಕ್ಷಿಯ ಹಳೆಯ ಬಳ್ಳಿಯನ್ನೋ ಸುತ್ತಿ ಮನೆಯಲ್ಲೇ ಮಾಡಿಕೊಳ್ಳಲೂಬಹುದು. 30 ಸೆಂಟಿಮೀಟರ್ ವ್ಯಾಸದ ಬಳೆಗೆ ಸೊಪ್ಪು ಕಟ್ಟಿದಾಗ ರೀತ್ ಸುಮಾರು 50 ಸೆಂಟಿಮೀಟರ್ ಅಗಲವಾಗುತ್ತದೆ. ಹೊಸಬರು ಇದನ್ನು ಎಣಿಸದೆ ಬಾಗಿಲಿಗಿಂತ ದೊಡ್ಡದಾಗಿ ಮಾಡಿಬಿಡುವುದುಂಟು. ಒದ್ದೆ ಪಾಚಿಯನ್ನು ಬಳೆಗೆ ಸುತ್ತಿ ಅದರಲ್ಲಿ ಕಡ್ಡಿಗಳನ್ನು ಸಿಕ್ಕಿಸುವ ಕ್ರಮವೂ ಇದ್ದು, ಸೊಪ್ಪಿಗೆ ಪಾಚಿಯಿಂದ ನೀರು ದೊರೆಯುತ್ತಿರುತ್ತದೆ. ಆದರೆ ಸ್ಫ್ಯಾಗ್ನಮ್ ಪಾಚಿಯನ್ನು ಕಿತ್ತು ತಂದರೆ ಅದು ಬೆಳೆಯುವ ಜೌಗುನೆಲಕ್ಕೆ ಹಾನಿಯಾಗುವುದರಿಂದ ಹಲವರು ಒಣಹುಲ್ಲಿಗೆ ಮರಳಿದ್ದಾರೆ. ಹೂಗಾರರು ಬಳಸುವ ಹಸಿರು ಸ್ಪಂಜು ಪ್ಲಾಸ್ಟಿಕ್ ಆಗಿದ್ದು, ಮಣ್ಣಿನಲ್ಲಿ ಕೊಳೆಯುವುದಿಲ್ಲ.

ಕಟ್ಟುವ ವಿಧಾನ

ಕೊಯ್ದ ಕೊಂಬೆಗಳ ಬುಡವನ್ನು ಒಂದು ರಾತ್ರಿ ನೀರಿನಲ್ಲಿಟ್ಟು, ಬೆಳಿಗ್ಗೆ 15 ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸಬೇಕು. ಮೂರರಿಂದ ಐದು ತುಂಡುಗಳನ್ನು ಬುಡ ಜೋಡಿಸಿ ಹಿಡಿದರೆ ಒಂದು ಕಟ್ಟು. ಸಪೂರ ತಂತಿಯ ಸುರುಳಿಯ ತುದಿಯನ್ನು ಬಳೆಗೆ ಬಿಗಿದು, ಮೊದಲ ಕಟ್ಟನ್ನು ಅದರ ಮೇಲಿಟ್ಟು ಬುಡದ ಸುತ್ತ ಮೂರು ಸುತ್ತು ಎಳೆಯಬೇಕು. ತಂತಿಯನ್ನು ಕತ್ತರಿಸಬಾರದು, ಕೊನೆಯವರೆಗೂ ಅದೇ ಎಳೆ ಸಾಗಬೇಕು. ಎರಡನೆಯ ಕಟ್ಟಿನ ಎಲೆಗಳು ಮೊದಲನೆಯದರ ಬುಡವನ್ನೂ ತಂತಿಯನ್ನೂ ಮುಚ್ಚುವಂತೆ, ಅದೇ ದಿಕ್ಕಿಗೆ ತುದಿಮಾಡಿ ಇಡಬೇಕು. ಬಾಳೆನಾರಿನಲ್ಲಿ ಹೂವಿನ ದಂಡೆ ಕಟ್ಟಿದ ಅಭ್ಯಾಸವಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಅಲ್ಲಿಯೂ ಹಿಂದಿನ ತೊಟ್ಟನ್ನು ಮುಂದಿನ ಹೂವು ಮರೆಮಾಡುತ್ತದೆ.

ತಂತಿಯನ್ನು ಕೈ ನೋಯುವಷ್ಟು ಬಿಗಿಯಾಗಿ ಎಳೆಯುವುದು ಅಗತ್ಯ. ಕಡ್ಡಿಗಳು ಒಣಗುತ್ತ ಸಣ್ಣಗಾಗುವುದರಿಂದ, ಇಂದು ಸಾಕೆನಿಸಿದ ಬಿಗಿ ಎರಡು ವಾರಗಳಲ್ಲಿ ಸಡಿಲವಾಗಿ ಕಟ್ಟುಗಳು ಜಾರುತ್ತವೆ. ಇಡೀ ಕೆಲಸದಲ್ಲಿ ಕಷ್ಟವಾದುದು ಕೊನೆಯ ಕಟ್ಟು. ಮೊದಲ ಕಟ್ಟಿನ ತುದಿಗಳನ್ನು ಎಡಗೈಯಿಂದ ಮೇಲಕ್ಕೆತ್ತಿ, ಕೊನೆಯದರ ಬುಡವನ್ನು ಅದರ ಕೆಳಗೆ ತೂರಿಸಿ ಬಿಗಿಯಬೇಕು. ಆಮೇಲೂ ಕೂಡು ಕಾಣಿಸಿದರೆ ಕೆಂಪು ರಿಬ್ಬನ್ನಿನ ಗಂಟನ್ನು ಅಲ್ಲಿಯೇ ಕಟ್ಟುತ್ತಾರೆ. ಪೈನ್ ಕಾಯಿ, ದಾಲ್ಚಿನ್ನಿ ಚಕ್ಕೆ, ಒಣಗಿಸಿದ ಕಿತ್ತಳೆಯ ಬಿಲ್ಲೆಗಳನ್ನು ತಂತಿಯಿಂದ ಸೇರಿಸುವುದೂ ಉಂಟು. ಪೈನ್ ಕಾಯಿ ತೇವಗೊಂಡಾಗ ಮುಚ್ಚಿ ಒಣಗಿದಾಗ ಬಿಚ್ಚಿಕೊಳ್ಳುವುದರಿಂದ ಮೊದಲು ಬೆಚ್ಚನೆಯ ಜಾಗದಲ್ಲಿರಿಸಿ ಅರಳಿಸಿಕೊಳ್ಳಬೇಕು.

ಕಾಪಾಡುವುದು

ಹೊರಬಾಗಿಲಿನ ತಂಪಿನಲ್ಲಿ ರೀತ್ ಒಂದು ತಿಂಗಳು ಚೆನ್ನಾಗಿರುತ್ತದೆ. ಕಾಯಿಸಿದ ಕೋಣೆಯೊಳಗೆ ಒಂದೆರಡು ವಾರವೇ ಹೆಚ್ಚು. ಬಾಗಿಲಿನ ಮುಂದೆ ಇನ್ನೊಂದು ಗಾಜಿನ ಬಾಗಿಲಿರುವ ಮನೆಗಳಲ್ಲಿ ಎರಡರ ನಡುವೆ ಬಿಸಿಲಿನ ಕಾವು ಸೆರೆಯಾಗಿ ಸೊಪ್ಪು ಬೇಗ ಕಂದುತ್ತದೆ. ದಿನಬಿಟ್ಟು ದಿನ ನೀರು ಚಿಮುಕಿಸುವುದು ಒಳ್ಳೆಯದು. ಬ್ರಿಟನ್ನಿನ ರೂಢಿಯಂತೆ ಜನವರಿ 5 ಅಥವಾ 6ರಂದು ಇದನ್ನು ಇಳಿಸುತ್ತಾರೆ.

ಅಪಾಯಗಳು

ಹಾಲಿ ಹಣ್ಣು ನೋಡಲು ಸೊಗಸಾದರೂ ತಿಂದರೆ ವಾಂತಿ ಭೇದಿಯಾಗುತ್ತದೆ. ಯೂ ಮರದ ಎಲೆ ಮತ್ತು ಬೀಜಗಳಲ್ಲಿರುವ ವಿಷ ಹೃದಯಕ್ಕೆ ಮಾರಕ. ಆದ್ದರಿಂದ ಪುಟ್ಟ ಮಕ್ಕಳು ಹಾಗೂ ಸಾಕುಪ್ರಾಣಿಗಳಿರುವ ಮನೆಯಲ್ಲಿ ಯೂ ಸೊಪ್ಪನ್ನು ಬಳಸದಿರುವುದೇ ಸರಿ. ಹಾಲಿ ಬೇಕೆಂದರೆ ಕೈಗೆಟುಕದ ಎತ್ತರದಲ್ಲಿರಲಿ, ಉದುರಿದ ಹಣ್ಣನ್ನು ಆಗಾಗ ಆರಿಸಬೇಕು. ಶಂಕುಧಾರಿ ಮರಗಳ ಸೊಪ್ಪಿನಲ್ಲಿ ರಾಳವಿರುವುದರಿಂದ ಒಣಗಿದ ರೀತ್‌ಗೆ ಬೆಂಕಿ ಥಟ್ಟನೆ ಹತ್ತುತ್ತದೆ. ಆಡ್ವೆಂಟ್ ರೀತ್‌ನ ಮೇಣದಬತ್ತಿಗಳನ್ನು ಲೋಹದ ಬಟ್ಟಲುಗಳಲ್ಲಿರಿಸಿ, ಜನರಿಲ್ಲದಾಗ ಆರಿಸಬೇಕು. ಕೈಯಿಂದ ಸವರಿದಾಗ ಎಲೆಗಳು ಉದುರಿದರೆ ಅದು ಒಣಗಿದೆಯೆಂದೇ ಅರ್ಥ.

ಕರ್ನಾಟಕದಲ್ಲಿ

ಫರ್ ಮರ ಕರ್ನಾಟಕದ ಹವಾಗುಣಕ್ಕೆ ಒಗ್ಗುವುದಿಲ್ಲ. ಇಲ್ಲಿನ ಪೇಟೆಗಳಲ್ಲಿ ಮಾರಾಟವಾಗುವ ರೀತ್‌ಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು. ಆದರೆ ಗಾಳಿಮರದ ಕೊಂಬೆಯನ್ನು ಕ್ರಿಸ್‌ಮಸ್ ಮರವಾಗಿ ನಿಲ್ಲಿಸುವ ವಾಡಿಕೆಯಿದ್ದು, ಅದೇ ಸೊಪ್ಪಿನಿಂದ ಮೇಲಿನ ಕ್ರಮದಲ್ಲೇ ರೀತ್ ಕಟ್ಟಬಹುದು. ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮರದ ಎಲೆಗಳೂ ಆಗುತ್ತವೆ. ಅವುಗಳ ಹಿಂಬದಿ ಬೆಳ್ಳಿಯ ಬಣ್ಣದ್ದಾದ್ದರಿಂದ ಕೆಲವನ್ನು ತಿರುಗಿಸಿ ಕಟ್ಟಿದರೆ ಬಹಳ ಚೆಲುವು. ಬೆಚ್ಚನೆಯ ಹವೆಯಲ್ಲಿ ಇವು ಬೇಗ ಬಾಡುವುದರಿಂದ ಹಬ್ಬಕ್ಕೆ ಎರಡು ದಿನ ಮೊದಲಷ್ಟೇ ಕಟ್ಟಬೇಕು. ಹಿತ್ತಿಲಿನಲ್ಲಿ ಸುಲಭವಾಗಿ ಸಿಗುವ ಕಣಗಿಲೆಯ ಎಲೆಗಳು ಎಷ್ಟೇ ಹಸಿರಾಗಿದ್ದರೂ ಈ ಕೆಲಸಕ್ಕೆ ತಗದು; ಆ ಗಿಡದ ಪ್ರತಿಯೊಂದು ಭಾಗವೂ ವಿಷ.